ಹತ್ತೇ ಬೇಕೆಂಬ ಹಠ

"ಕನಿಷ್ಠ ಎಷ್ಟು ಅಂಕ ಬಂದ್ರೆ ಒಪ್ಪಿಗೆ ಅಂತ ಕೇಳಿರೋ ಕಡೆ ಹತ್ತು ಅಂತ ಬರೆದವರು ಯಾರ್ರೀ?"

ವಾಪಸು ಬಂದ ಪೊಟ್ಟಣದೊಳಗಿನ ಅರ್ಜಿಯನ್ನು ಅವಳು ಗಂಡನ ಮೂಗಿನ ಮುಂದೆ ಹಿಡಿದಳು. ಕೇಳುವುದೇನು, ಅಕ್ಷರ ಅವನದೇ.

"ನಮ್ಮ ಕಾರ್ಡು ಹತ್ತೇ ಅಲ್ವಾ? ಡಬ್ಬಿ ಮೇಲೇ ಇದೆಯಲ್ಲ," ಎಂದ ಅವನು, ಕಿಟಕಿಯ ಕಡೆ ನೋಡುತ್ತ.

ಫುಟ್‌ಬಾಲ್ ಆಟಗಾರನೊಬ್ಬನ ಮೊದಲ ವರ್ಷದ ಚಿತ್ರದ ಕಾರ್ಡು ಅದು, ಸಂಗ್ರಹಿಸುವವರು ದುಡ್ಡು ಸುರಿದು ಕೊಳ್ಳುವಂಥದ್ದು. ಬಸ್ಸು ಓಡಿಸುವ ಈ ಮಹಾಶಯ ಮದುವೆಗೆ ಮುಂಚೆಯೇ ಅದನ್ನು ಕೊಂಡು, ಯಾರೂ ಕೇಳದ ಸಣ್ಣ ಕಂಪನಿಯೊಂದರಲ್ಲಿ ಅದೆಷ್ಟು ಸುಸ್ಥಿತಿಯಲ್ಲಿದೆ ಎಂದು ಹತ್ತಕ್ಕೆ ಅಂಕ ಹಾಕಿಸಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿಸಿ ಇಟ್ಟುಕೊಂಡಿದ್ದ. ಆ ಕಂಪನಿಯ ಹತ್ತು ಅಂಕಕ್ಕಿಂತ, ಈಗ ಕಳಿಸಿದ್ದ ದೊಡ್ಡ ಕಂಪನಿಯ ಒಂಬತ್ತಕ್ಕೆ ಎರಡರಷ್ಟು ಬೆಲೆ. ಆ ಎರಡರಷ್ಟೇ ಅವಳಿಗೆ ಬೇಕಾಗಿತ್ತು. ತಾನು ಹದಿನಾಲ್ಕು ವರ್ಷ ಕೂತು ಕನ್ನಡಕದ ಗಾಜು ಕೊರೆದ ಅಂಗಡಿಯನ್ನು ಅದರ ಮುದುಕ ಮಾಲೀಕ ಮಾರಲು ಹೊರಟಿದ್ದ. ತಿಂಗಳ ಕೊನೆಯವರೆಗೆ ನಿನಗಾಗಿ ಕಾಯ್ತೀನಿ, ಆಮೇಲೆ ಬೇರೆಯವರಿಗೆ ಎಂದಿದ್ದ.

ಹತ್ತು ಬರದಿದ್ದರೆ ಡಬ್ಬಿ ಮುಟ್ಟಬೇಡಿ ಎಂದು ಇವನೇ ಬರೆದುಕೊಟ್ಟ ಮೇಲೆ ದೊಡ್ಡ ಕಂಪನಿಯವರು ಮಾಡುವುದಾದರೂ ಏನು? ಹೇಗಿತ್ತೋ ಹಾಗೇ ಹಿಂದಕ್ಕೆ ಕಳಿಸಿದ್ದರು. ಒಂಬತ್ತಿತ್ತೋ ಆರಿತ್ತೋ, ಅದರ ಸುದ್ದಿಯೇ ಇಲ್ಲ. ಅವಳಿಗೆ ಮೈಯೆಲ್ಲ ಉರಿಯಿತು.

ಕಾರ್ಡಿನ ವ್ಯಾಪಾರಿಗೆ ಫೋನು ಮಾಡಿದಳು. "ಆ ಗೀರು ಬಿದ್ದ ಡಬ್ಬಿಯೊಳಗೆ ಯಾರಿಗೆ ಏನು ಕಾಣುತ್ತಮ್ಮಾ?" ಎಂದ ಅವನು. "ಬಿಚ್ಚಿ ತನ್ನಿ, ಅವರಿಗೇ ತುರ್ತಾಗಿ ಕಳಿಸ್ತೀನಿ, ಹತ್ತು ದಿನದಲ್ಲಿ ಹೊಸ ಅಂಕ ಬರುತ್ತೆ. ಆದ್ರೆ ಒಂದು ಮಾತು. ಬಿಚ್ಚಿದ ಮೇಲೆ ಹಳೇ ಅಂಕ ಹೋದಂಗೇ. ಒಂಬತ್ತಕ್ಕಿಂತ ಕೆಳಗೆ ಬಂತೋ, ಈಗಿನ ಬೆಲೆಯೂ ಸಿಗಲ್ಲ."

ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳು ಕರೆಂಟಿನ ಸಣ್ಣ ಗರಗಸಕ್ಕೆ ಡಬ್ಬಿಯ ಅಂಚನ್ನು ಒಡ್ಡಿದಳು. ಅಲಗು ಕೂದಲೆಳೆಯಷ್ಟು ಒಳಗೆ ಹೋದರೂ ಕಾರ್ಡಿನ ಕಥೆ ಮುಗಿಯಿತು. ಗಂಡ ಬೆನ್ನ ಹಿಂದೆಯೇ ನಿಂತಿದ್ದ.

"ಉಸಿರಾಡ್ಲಾ?"

"ಆ ಕಡೆ ತಿರುಗಿ ಆಡಿ."

ಮೂರು ಬದಿ ಸಲೀಸಾಗಿ ಬಿಟ್ಟವು. ನಾಲ್ಕನೆಯದರಲ್ಲಿ ಅಲಗು ಸಿಕ್ಕಿಕೊಂಡು ಕಿರುಗುಟ್ಟಿತು. ಅವಳು ಕೈ ಸಡಿಲ ಬಿಟ್ಟು, ಕೋನ ಬದಲಿಸಿ, ಮತ್ತೆ ಒತ್ತಿದಳು. ಟಕ್ಕೆಂದು ಡಬ್ಬಿ ಎರಡು ಹೋಳಾಯಿತು. ಕಾರ್ಡು ಬಟ್ಟೆಯ ಮೇಲೆ ಜಾರಿತು. ಒಂದು ಗೀರೂ ತಗಲಿರಲಿಲ್ಲ.

"ಭಲೇ!" ಎಂದು ಗಂಡ ಚಪ್ಪಾಳೆ ತಟ್ಟಿಯೇ ಬಿಟ್ಟ.

ಅವಳು ಭೂತಗನ್ನಡಿ ಹಿಡಿದು ದೀಪದಡಿ ಬಗ್ಗಿದಳು. ಮೊದಲ ಮೂಲೆ ಚೂಪಾಗಿತ್ತು. ಎರಡನೆಯದು, ಮೂರನೆಯದೂ ಹಾಗೇ. ಡಬ್ಬಿಯ ಚೌಕಟ್ಟಿನಡಿ ಇಷ್ಟು ದಿನ ಮುಚ್ಚಿಹೋಗಿದ್ದ ನಾಲ್ಕನೆಯದು ಮೊಂಡಾಗಿ, ಒಳಗಿನ ಕಾಗದ ಬೆಳ್ಳಗೆ ಎಳೆ ಬಿಟ್ಟಿತ್ತು. ಗರಗಸದ ಪೆಟ್ಟಲ್ಲ, ಹಳೆಯದು. ಇದಕ್ಕೆ ಎಂಟು ಕೊಟ್ಟರೆ ಅದೇ ದೊಡ್ಡದು.

"ಒಂಬತ್ತಾದ್ರೂ ಬರುತ್ತೆ ತಾನೆ?"

ಚೆನ್ನಾಗಿ ಬೈಯಬೇಕೆಂದು ತಲೆ ಎತ್ತಿದಳು. ಅವನ ಮುಖ ನೋಡಿ ಬಾಯಿಗೆ ಬಂದದ್ದನ್ನು ನುಂಗಿಕೊಂಡಳು.

"ನೀವೇ ನೋಡಿ," ಎಂದು ಭೂತಗನ್ನಡಿಯನ್ನು ಅವನ ಕೈಗಿಟ್ಟಳು.

ಅವನು ಬಗ್ಗಿ ಒಂದೊಂದೇ ಮೂಲೆ ನೋಡುತ್ತ ಹೋದ. ನಾಲ್ಕನೆಯದಕ್ಕೆ ಬಂದಾಗ "ಇಲ್ಲಿ..." ಎಂದ. ಕಣ್ಣನ್ನು ಗಾಜಿನಿಂದ ಎತ್ತಲಿಲ್ಲ. ಅವಳು ಗರಗಸದ ಸ್ವಿಚ್ಚು ಆರಿಸಿ, ಮೇಜಿನ ಮೇಲಿನ ಪ್ಲಾಸ್ಟಿಕ್ ಪುಡಿಯನ್ನು ಅಂಗೈಯಿಂದ ಒಂದು ಕಡೆಗೆ ಗುಡಿಸತೊಡಗಿದಳು.