ಡಾಕ್ಟರ್ ಬಾಬು ಹೋಗಲಿ, ಬೀಗದಕೈ ಇರಲಿ

ಹೊರಟವರನ್ನು ತಡೆಯಬೇಕಾದರೆ ಗುಡ್ಡದೂರು ಸಿಮ್‌ಚೌರಿನ ಹೆಂಗಸರು ಜಗಳಕ್ಕೆ ಹೋಗುವುದಿಲ್ಲ, ದಾರಿಗೆ ಖಾಲಿ ಕೊಡ ಇಡುತ್ತಾರೆ. ಖಾಲಿ ಕೊಡ ಕಂಡವರು ಹೆಜ್ಜೆ ಹಿಂದಿಡಲೇಬೇಕು. ಆ ಬೆಳಿಗ್ಗೆ ಆಸ್ಪತ್ರೆಯ ಮೆಟ್ಟಿಲ ಕೆಳಗೆ ಹನ್ನೊಂದು ತಾಮ್ರದ ಕೊಡಗಳು ಬಾಯಿ ತೆರೆದು ಕೂತಿದ್ದವು. ಎಲ್ಲಕ್ಕೂ ಮುಂದಿದ್ದದ್ದು, ಊರೆಲ್ಲ ಕಾಕಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಬಲ್‌ಕುಮಾರಿಯ ಕೊಡ.

ನಾಲ್ಕು ಗುಡ್ಡಗಳಿಗೆ ಇದ್ದವರು ಒಬ್ಬರೇ ಡಾಕ್ಟರು, ನಿಶಾನ್ ರೇಗ್ಮಿ; ಊರವರ ಬಾಯಲ್ಲಿ ಪ್ರೀತಿಯ 'ಡಾಕ್ಟರ್ ಬಾಬು'. ಅವರು ಮುಂದಾಳತ್ವದ ತರಬೇತಿಗೆಂದು ಆರು ವಾರ ಪಟ್ಟಣಕ್ಕೆ ಹೊರಟಿದ್ದರು. ಬಲ್‌ಕುಮಾರಿಯ ಸೊಸೆ ತಾರಾಳಿಗೆ ಒಂಬತ್ತು ತಿಂಗಳು ತುಂಬುತ್ತಿತ್ತು.

"ಕೊಡ ಎತ್ತು ಕಾಕಿ," ಅಂದಳು ದಿಲ್‌ಸರಾ. ಮನೆಮನೆಗೆ ಹೋಗಿ ಬಸುರಿಯರನ್ನು ವಿಚಾರಿಸುವ ಆರೋಗ್ಯ ಸ್ವಯಂಸೇವಕಿ ಅವಳು.

"ಎತ್ತಲ್ಲ. ಮದ್ದು ಕಲಿತಾಯ್ತು, ಕತ್ತರಿ ಕಲಿತಾಯ್ತು. ಇನ್ನೇನು ಕಲೀಬೇಕಂತೆ? ಕುರ್ಚಿ ಮೇಲೆ ಕೂರೋದಾ?"

"ಆಸ್ಪತ್ರೆ ನಡೆಸೋದು. ಜೊತೆಯವರನ್ನ ನಂಬೋದು."

"ನಮ್ಮೂರ ಮನ್‌ಮಾಯಾ ಹೆರಿಗೇಲಿ ಸತ್ತಾಗ ಡಾಕ್ಟರ್ ಇರಲಿಲ್ಲ. ಅದಕ್ಕೇ ಹೋದಳು. ಅದಕ್ಕೇ ಈ ಕೊಡ."

"ಡಾಕ್ಟರ್ ಇರಲಿಲ್ಲ, ನಿಜ. ರಕ್ತ ನಿಲ್ಲಿಸೋ ಮದ್ದು ಫ್ರಿಜ್ಜಲ್ಲಿ ಇತ್ತು. ಅದನ್ನ ಚುಚ್ಚೋಕೆ ಕಲಿತ ನರ್ಸ್ ಇದ್ದಳು. ಫ್ರಿಜ್ಜಿನ ಬೀಗದಕೈ ಮಾತ್ರ ಡಾಕ್ಟರ ಜೇಬಲ್ಲಿತ್ತು ಕಾಕಿ."

ಬಲ್‌ಕುಮಾರಿಗೆ ಇದು ಗೊತ್ತಿರಲಿಲ್ಲ. ಮನ್‌ಮಾಯಾಳನ್ನು ಬುಟ್ಟಿಯಲ್ಲಿ ಹೊತ್ತು ಗುಡ್ಡದಿಂದ ಆಸ್ಪತ್ರೆಗೆ ಇಳಿಸುವಾಗ ತಲೆ ಹಿಡಿದುಕೊಂಡು ನಡೆದವಳು ಅವಳೇ. ಹಣೆಬರಹ ಅಂದುಕೊಂಡಿದ್ದಳು. ಬಾಗಿಲಲ್ಲಿ ನಿಂತಿದ್ದ ನರ್ಸ್ ಸಬಿತ್ರಾಳ ಕಡೆ ತಿರುಗಿದಳು.

"ಬೀಗ ಒಡೀಬಹುದಿತ್ತಲ್ಲೇ?"

"ಭಯ ಆಯ್ತು ಕಾಕಿ. ಹಿಂದೊಂದು ಸಲ ಕೇಳದೆ ಮದ್ದು ತೆಗೆದಿದ್ದಕ್ಕೆ ಎಲ್ಲರೆದುರು ಬೈಸ್ಕೊಂಡಿದ್ದೆ."

ಬೈದ ಡಾಕ್ಟರೇ ಚೀಲ ಹಿಡಿದು ಮೆಟ್ಟಿಲಿಳಿದು ಬಂದರು. ಮಾತು ಅವರ ಕಿವಿಗೆ ಬಿದ್ದಿತ್ತು.

"ತಪ್ಪು ನಂದೇ. ಎಲ್ಲಾ ನಾನೇ ಮಾಡಿದ್ರೆ ಒಳ್ಳೆ ಡಾಕ್ಟರ್ ಅಂದ್ಕೊಂಡಿದ್ದೆ. ನೀನಿಲ್ಲದಾಗ ಏನೇನು ನಿಂತುಹೋಗುತ್ತೆ, ಬರ್ಕೊಂಡು ಬಾ ಅಂದ್ರು ತರಬೇತಿಯವರು. ಮೂರು ಹಾಳೆ ತುಂಬ್ತು. ಕೆಲಸ ಹೇಗೆ ಹಂಚೋದು, ನರ್ಸ್ ಮಾತು ಹೇಗೆ ಕೇಳೋದು, ಮದ್ದು ಮುಗಿಯೋಕೆ ಮೊದಲೇ ಹೇಗೆ ತರಿಸೋದು, ಇದನ್ನ ನನಗೆ ಯಾರೂ ಕಲಿಸಲಿಲ್ಲ."

ಊರಿನ ವಾರ್ಡ್ ಅಧ್ಯಕ್ಷ ಲಾಲ್‌ಬೀರ್ ನಡುವೆ ಬಾಯಿ ಹಾಕಿದ. "ಈ ನರ್ಸ್ ಹುಡುಗಿ ಕೈಗೆ ಆಸ್ಪತ್ರೆ ಕೊಟ್ಟು ಹೋಗ್ತಾರಂತೆ. ಕೊಡ ಅಲ್ಲೇ ಇರಲಿ ಬಲ್‌ಕುಮಾರಿ."

"ಲಾಲ್‌ಬೀರ್, ನಿನ್ನವ್ವನಿಗೆ ಜೋಳದ ಹೊಲದಲ್ಲಿ ನೋವು ಬಂದಾಗ ನಿನ್ನ ಎಳೆದುಕೊಂಡದ್ದು ಈ ಕೈ. ನನಗಾಗ ಹದಿನಾರು. ಯಾವ ಅಧ್ಯಕ್ಷನ ಅಪ್ಪಣೆ ಕೇಳಿದ್ದೆ? ಕೇಳಿದ್ದರೆ ನೀನು ಇವತ್ತು ಇಲ್ಲಿ ನಿಂತು ಗಂಟಲು ಹರ್ಕೋತಿರಲಿಲ್ಲ."

ಹೆಂಗಸರು ಸೆರಗಿನ ಮರೆಯಲ್ಲಿ ನಕ್ಕರು. ಬಲ್‌ಕುಮಾರಿ ಡಾಕ್ಟರ ಕಡೆ ತಿರುಗಿದಳು. "ಹೋಗು. ಮೊದಲು ಬೀಗದಕೈ ಸಬಿತ್ರಾಗೆ ಕೊಡು. ಎಲ್ಲರ ಮುಂದೆ."

ಕೊಟ್ಟರು. ತಾವಿಲ್ಲದಾಗ ಸಬಿತ್ರಾ ಯಾರನ್ನೂ ಕೇಳದೆ ಮದ್ದು ಕೊಡಬಹುದೆಂಬ ಅಪ್ಪಣೆಯನ್ನೂ ಬರೆದು ಗೋಡೆಗೆ ಅಂಟಿಸಿದರು. ಬಲ್‌ಕುಮಾರಿ ತನ್ನ ಕೊಡ ಒಯ್ದು ನಲ್ಲಿಗೆ ಹಿಡಿದಳು. ತುಂಬಿದ ಕೊಡ ದಾರಿ ಬದಿಗಿಟ್ಟಳು. ಉಳಿದವರು ಒಂದು ಗಳಿಗೆ ನೋಡಿದರು. ಆಮೇಲೆ ನಲ್ಲಿ ಮುಂದೆ ಸಾಲು ಹತ್ತಿತು.

ಹತ್ತೊಂಬತ್ತನೇ ದಿನ ತಾರಾ ಆಸ್ಪತ್ರೆಯಲ್ಲಿ ಹೆತ್ತಳು. ಮಗು ಅತ್ತಿತು, ತಾಯಿಯ ರಕ್ತ ನಿಲ್ಲಲಿಲ್ಲ. "ಡಾಕ್ಟರಿಗೆ ಫೋನ್ ಮಾಡಿ ಕೇಳಿ," ಅಂತ ಲಾಲ್‌ಬೀರ್ ಬಾಗಿಲಿಗೆ ಬಂದ. ಬಲ್‌ಕುಮಾರಿ ಅಡ್ಡ ನಿಂತಳು. "ಕೇಳೋದು ಆಮೇಲೆ. ಆಚೆ ಸರಿ." ಒಳಗೆ ಸಬಿತ್ರಾ ಫ್ರಿಜ್ಜು ತೆರೆದು ಸೂಜಿ ಚುಚ್ಚಿದ್ದಳು. ತಾರಾಳ ಹೊಟ್ಟೆ ನೀವುತ್ತ ಕೂತಳು. ರಕ್ತ ನಿಂತಿತು. ಸಂಜೆ ತಾರಾ ಓಮದ ಸಾರು ಕುಡಿದಳು.

ಡಾಕ್ಟರು ತಿರುಗಿ ಬಂದಾಗ ಮಗುವನ್ನು ಎತ್ತಿಕೊಂಡು ಕೇಳಿದರು, "ಆ ದಿನ ನಾನಿರಬೇಕಿತ್ತು ಅನ್ನಿಸ್ತಾ ಕಾಕಿ?"

"ಬೇಜಾರ್ ಮಾಡ್ಕೋಬೇಡ ಬಾಬು. ನಿನ್ನ ನೆನಪೇ ಆಗಲಿಲ್ಲ."

"ಅದನ್ನೇ ಕಲಿತು ಬಂದೆ," ಅಂದರು ಡಾಕ್ಟರು.

ಕೇಳಿದಿರಲ್ಲ, ಅಕ್ಕತಂಗಿಯರೇ? ನಿಮ್ಮ ಡಾಕ್ಟರು ಇಂಥ ತರಬೇತಿಗೆ ಹೊರಟರೆ ತಡೆಯಬೇಡಿ. ಹೊರಡದಿದ್ದರೆ ಹೊರಡಿಸಿ. ಇವತ್ತೇ ನಾಲ್ಕು ಜನ ಕೂಡಿ ನಿಮ್ಮೂರ ಆಸ್ಪತ್ರೆಗೆ ಹೋಗಿ ಕೇಳಿ: ಡಾಕ್ಟರಿಲ್ಲದ ದಿನ ಮದ್ದಿನ ಬೀಗದಕೈ ಯಾರ ಕೈಲಿರುತ್ತೆ? ಹೆಸರು ಹೇಳುವ ತನಕ ಅಲ್ಲಿಂದ ಏಳಬೇಡಿ.