ಎಡಗಿವಿಗೆ ಬಿದ್ದ ಹೂಂ

ಮೂವತ್ತು ವರ್ಷ ಮುದ್ರಣಯಂತ್ರದ ಪಕ್ಕ ನಿಂತು ನಿಂತು ಅಜ್ಜನ ಎಡಗಿವಿ ಕೈಕೊಟ್ಟಿತ್ತು. ಇದು ಪ್ರೆಸ್ಸಿನವರಿಗೆಲ್ಲ ಗೊತ್ತಿತ್ತು, ಮನೆಯವರಿಗೂ ಗೊತ್ತಿತ್ತು, ಒಪ್ಪಿಕೊಳ್ಳದವನು ಅಜ್ಜನೊಬ್ಬನೇ. ಯಜಮಾನರು ಅವನನ್ನು ಯಂತ್ರದಿಂದ ಬಿಡಿಸಿ ಪ್ರೂಫ್ ತಿದ್ದುವ ಮೇಜಿಗೆ ಕೂರಿಸಿದಾಗ ಅದನ್ನು ಬಡ್ತಿ ಎಂದೇ ಹೇಳಿಕೊಂಡು ತಿರುಗಿದ. ಯಾರ ಮಾತಾದರೂ ಕೇಳಿಸದಿದ್ದರೆ, ಈಗಿನವರು ಮಾತನ್ನು ಅರ್ಧ ನುಂಗಿ ಅರ್ಧ ಉಗುಳುತ್ತಾರೆ ಎಂದು ಅವರ ಮೇಲೇ ಹಾರುತ್ತಿದ್ದ.

ಇಂಥವನಿಗೆ ಸಿಕ್ಕ ಮೊಮ್ಮಗಳೋ, ಮಾತಿನಲ್ಲಿ ಪರಮ ಜಿಪುಣಿ. ಒಂಬತ್ತು ವರ್ಷದವಳು. ಬೇಕಾದರೆ ‘ಹೂಂ’, ಬೇಡವಾದರೆ ‘ಉಹೂಂ’. ದಿನದ ವ್ಯವಹಾರವೆಲ್ಲ ಈ ಎರಡರಲ್ಲೇ ಮುಗಿಯಬೇಕು. ಅದೂ ಒಂದೇ ಸಲ, ತಲೆ ಎತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಗಾದೆಯಿದೆಯಲ್ಲ, ಅದಕ್ಕೇ ಅಜ್ಜ ಅವಳನ್ನು ಮುತ್ತು ಎಂದು ಕರೆಯುತ್ತಿದ್ದ. ನೆಂಟರು ಬಂದು ಮಗುವಿಗೆ ಮಾತು ಬರುತ್ತದೆಯೇ ಎಂದು ವಿಚಾರಿಸಿದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಬರುತ್ತದೆ, ಕಂಡಕಂಡವರ ಮೇಲೆ ಖರ್ಚು ಮಾಡುವುದಿಲ್ಲ ಅಷ್ಟೇ, ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತಿದ್ದ.

ಮುತ್ತುವಿನ ಅಮ್ಮ, ಅಂದರೆ ಅಜ್ಜನ ಮಗಳು, ಆಸ್ಪತ್ರೆಯಲ್ಲಿ ನರ್ಸು. ಅವಳಿಗೆ ರಜೆ ಸಿಗುವುದೆಂದರೆ ಗಗನಕುಸುಮ. ಹಾಗಾಗಿ ಶಾಲೆಗೆ ರಜೆ ಬಂದಾಗೆಲ್ಲ ಮುತ್ತು ಪ್ರೆಸ್ಸಿಗೆ ಬಂದು ಅಜ್ಜನ ಮೇಜಿನ ಪಕ್ಕ ಚಿತ್ರ ಬರೆಯುತ್ತ ಕೂರುತ್ತಿದ್ದಳು. ಕೂತಲ್ಲೇ ಪ್ರೂಫಿನ ಗುರುತುಗಳನ್ನೂ ಕಲಿತಿದ್ದಳು. ಬೇಡದ ಪದದ ಮೇಲೆ ಅಡ್ಡಗೆರೆ. ಬಿಟ್ಟುಹೋದದ್ದನ್ನು ಸೇರಿಸಬೇಕಾದರೆ ಒಂದು ಬಾಣದ ಮೊನೆ. ತಪ್ಪಿ ಹೊಡೆದುಹಾಕಿದ್ದನ್ನು ಉಳಿಸಬೇಕೆಂದರೆ ಅದರ ಅಡಿಯಲ್ಲಿ ಚುಕ್ಕಿಗಳ ಸಾಲು; ‘ಇದು ಇರಲಿ’ ಎಂದು ಅದರ ಅರ್ಥ. ಬಾಯಿ ಬಿಡದೆ ಇಷ್ಟೆಲ್ಲ ಹೇಳಬಹುದು ಎನ್ನುವುದು ಅವಳಿಗೆ ಬಹಳ ಹಿಡಿಸಿತ್ತು.

ಹಡಗಿನ ಹುಚ್ಚು ಹತ್ತಿದ್ದೂ ಆ ಮೇಜಿನಲ್ಲೇ. ಹಿಮದ ಕಡಲಿನಲ್ಲಿ ಹತ್ತು ದಿನ ಸುತ್ತಿಸಿ ತರುವ ಹಡಗೊಂದರ ಪುಸ್ತಿಕೆ ಅಚ್ಚಿಗೆ ಬಂದಿತ್ತು. ಅಜ್ಜ ಅದನ್ನು ಮೂರು ಸಲ ತಿದ್ದಿದ. ಅದರಲ್ಲಿ ನೀಲಿ ಮಂಜುಗಡ್ಡೆಯ ಗುಡ್ಡದ ಚಿತ್ರವಿತ್ತು. ಮುತ್ತು ಬಣ್ಣದ ಪೆನ್ಸಿಲು ಕೆಳಗಿಟ್ಟು ಅದನ್ನೇ ನೋಡುತ್ತ ಕುಳಿತದ್ದು ಅವನ ಕಣ್ಣಿಗೆ ಬಿತ್ತು. ಆ ಹುಡುಗಿ ಹುಟ್ಟಿದಾಗಿನಿಂದ ಅವನನ್ನು ಒಂದು ಬಲೂನು ಕೇಳಿದವಳಲ್ಲ. ಒಂದೇ ಒಂದು ಸಲ ಅವಳು ‘ಅಜ್ಜ, ನಿನ್ನ ಜೊತೆ ಬರ್ತೀನಿ’ ಅಂದರೆ ಸಾಕು, ಜನ್ಮ ಸಾರ್ಥಕ ಎಂದು ಅವನಿಗೆ ಎಷ್ಟೋ ದಿನದಿಂದ ಆಸೆ. ಕರೆದೇ ಬಿಡೋಣ ಎಂದುಕೊಂಡ.

ಆರಾಮಾಗಿ ಹೋಗಿಬನ್ನಿ, ಊರೆಲ್ಲ ಸುತ್ತಿ ಮಗುವನ್ನು ಹಣ್ಣು ಮಾಡಬೇಡಿ ಎಂದು ಮಗಳು ಎಚ್ಚರಿಸಿದಳು. ಅಜ್ಜ ಕೇಳಿಸಿಕೊಂಡರೆ ತಾನೆ! ಅಗಲವಾದ ಹಾಳೆಯ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ‘ಅಜ್ಜ ಮತ್ತು ಮುತ್ತು, ಹಡಗಿನಲ್ಲಿ ಹತ್ತು ದಿನ’ ಎಂದು ಬರೆದು, ಅದರ ಕೆಳಗೆ ಒಂಬತ್ತು ಕಾರ್ಯಕ್ರಮ ತುಂಬಿದ. ನಾಯಿ ಎಳೆಯುವ ಬಂಡಿ. ಹಿಮದ ಗುಡ್ಡ ಹತ್ತುವುದು. ಮ್ಯಾಜಿಕ್ ಶೋ. ಬೆಳಗಿನಿಂದ ಸಂಜೆಯವರೆಗೆ ಮಕ್ಕಳ ಕ್ಲಬ್ಬು. ಅಲ್ಲಿ ನಾಲ್ಕು ಮಕ್ಕಳ ಜೊತೆ ಸೇರಿ ಇವಳ ನಾಲಗೆಯೂ ಸಡಿಲವಾಗಲಿ ಎಂಬ ದೂರಾಲೋಚನೆ. ಒಂದೊಂದನ್ನೂ ಓದಿ, ಎಡಗಡೆ ಬಗ್ಗಿ ಕುಳಿತು ಚಿತ್ರ ಬರೆಯುತ್ತಿದ್ದ ಮೊಮ್ಮಗಳನ್ನು ಆಗಬಹುದೇ ಎಂದು ಕೇಳಿದ. ಒಂಬತ್ತು ಸಲವೂ ‘ಹೂಂ’ ಎಂದು ಕೇಳಿಸಿತು. ಒಂಬತ್ತಕ್ಕೂ ಸರಿ ಗುರುತು ಹಾಕಿದ. ಇಂಥ ಒಳ್ಳೆ ಮಗು ಯಾರ ಮನೆಯಲ್ಲಿದೆ ಎಂದು ಮಗಳ ಹತ್ತಿರ ಬೀಗಿದ್ದೂ ಆಯಿತು.

ಶನಿವಾರ ಬೆಳಿಗ್ಗೆ ಇಬ್ಬರೂ ಟಿಕೆಟ್ ಆಫೀಸಿಗೆ ಹೋದರು. ಕಿಟಕಿಯಿರುವ ಕೋಣೆ ಒಂದೇ ಉಳಿದಿದೆ, ಸೋಮವಾರದವರೆಗೆ ಹಿಡಿದಿಡಬಹುದು ಎಂದಳು ಅಲ್ಲಿಯವಳು. ಅಜ್ಜ ಠೀವಿಯಿಂದ ಹಾಳೆ ಮುಂದಿಟ್ಟ. ಅವಳು ಮಕ್ಕಳ ಕ್ಲಬ್ಬಿನ ಹತ್ತಿರ ಬೆರಳಿಟ್ಟು, ಹೆಸರು ಬರೆದುಕೊಳ್ಳಲೇ ಎಂದು ಮುತ್ತುವನ್ನೇ ಕೇಳಿದಳು. ಮುತ್ತು ಉತ್ತರ ಕೊಟ್ಟಳು.

“ಬರ್ಕೊಳ್ಳಿ, ಬರ್ಕೊಳ್ಳಿ. ಹೂಂ ಅಂದ್ಲಲ್ಲ,” ಅಂದ ಅಜ್ಜ.

ಆಕೆಯ ಪೆನ್ನು ಅಲ್ಲೇ ನಿಂತಿತು. “ಇಲ್ಲ ಸಾರ್. ಉಹೂಂ ಅಂದ್ಲು.”

ನನ್ನ ಮೊಮ್ಮಗಳ ಹೂಂ ನನಗೆ ಗೊತ್ತಿಲ್ಲವೇ ಎಂದು ಅಜ್ಜ ನಕ್ಕ. ಆಕೆ ವಾದಕ್ಕೆ ಇಳಿಯದೆ ನಾಯಿಬಂಡಿಯ ಬಗ್ಗೆ ಕೇಳಿದಳು. ಈ ಸಲ ಅಜ್ಜ ತಿರುಗಿ ಮಗುವಿನ ಮುಖ ನೋಡಿದ. ಸಣ್ಣ ತಲೆ ಅತ್ತಿಂದಿತ್ತ ಅಲ್ಲಾಡಿತು. ಗುಡ್ಡ ಹತ್ತುವುದಕ್ಕೂ ಅಲ್ಲಾಡಿತು, ಮ್ಯಾಜಿಕ್ಕಿಗೂ ಅಲ್ಲಾಡಿತು. ಒಂಬತ್ತೂ ಮುಗಿಯುವ ಹೊತ್ತಿಗೆ ಅಜ್ಜನ ಮುಖದಲ್ಲಿ ನಗು ಉಳಿದಿರಲಿಲ್ಲ. ಹಡಗಿಗೆ ಬರುವುದೇ ಮಗುವಿಗೆ ಇಷ್ಟವಿಲ್ಲವೇನೋ ಎಂದು ಆಕೆ ಮೆಲ್ಲಗೆ ಅಂದಳು. ಆ ಪ್ರಶ್ನೆಯನ್ನು ಮುತ್ತುವಿನ ಕಡೆ ತಿರುಗಿಸುವ ಧೈರ್ಯ ಅಜ್ಜನಿಗೆ ಬರಲಿಲ್ಲ. ಅದಕ್ಕೂ ತಲೆ ಅಲ್ಲಾಡಿಬಿಟ್ಟರೆ? ಸೋಮವಾರ ಹೇಳುತ್ತೇನೆ ಎಂದು ಗೊಣಗಿ, ಹಾಳೆ ಮಡಚಿಕೊಂಡು ಎದ್ದ.

ಮನೆಗೆ ಬಂದು ಹಡಗೂ ಇಲ್ಲ ಗಿಡಗೂ ಇಲ್ಲ ಎಂದು ಮಗಳಿಗೆ ಹೇಳಿದ. ಮಗಳು ಎಲ್ಲವನ್ನೂ ಕೇಳಿಸಿಕೊಂಡಳು. “ಅಪ್ಪಾ, ಅವಳು ಯಾವಾಗ್ಲೂ ಕೂರೋದು ನಿಮ್ಮ ಎಡಗಡೆ,” ಅಂದಳು, ಅಷ್ಟೇ. ನನ್ನ ಕಿವಿಗೇನು ಧಾಡಿ ಎಂದು ಅಜ್ಜ ಅವಳ ಮೇಲೆ ರೇಗಿದ. ರೇಗಿದ್ದು ಅವಳ ಮೇಲಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಮಗು ಒಂಬತ್ತು ಸಲ ಬೇಡ ಅಂದಿದೆ, ತಾನು ಒಂಬತ್ತು ಸಲ ಸರಿ ಗುರುತು ಹಾಕಿದ್ದೇನೆ. ಇಷ್ಟು ವರ್ಷದಲ್ಲಿ ಇನ್ನೆಷ್ಟು ಉಹೂಂಗಳನ್ನು ಹೀಗೆ ನುಂಗಿದ್ದೇನೋ! ನುಂಗುತ್ತಿದ್ದವರು ಈಗಿನವರಲ್ಲ, ತಾನೇ. ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು. ಕೆಂಪು ಪೆನ್ಸಿಲು ತೆಗೆದು ಹಾಳೆಯ ನೆತ್ತಿಯ ಮೇಲಿದ್ದ ಸಾಲಿಗೆ, ಅಜ್ಜ ಮತ್ತು ಮುತ್ತು ಇಬ್ಬರಿಗೂ ಸೇರಿಸಿ, ಒಂದು ಗೆರೆ ಎಳೆದ. ಹಾಳೆಯನ್ನು ಊಟದ ಮೇಜಿನ ಮೇಲೇ ಬಿಟ್ಟು, ಗೋಡೆಗೆ ಮುಖ ಮಾಡಿ ಮಲಗಿದ.

ಎದ್ದಾಗ ಸಂಜೆ ಐದಾಗಿತ್ತು. ಮೇಜಿನ ಮೇಲೆ ಚಹಾ ಲೋಟದ ಕೆಳಗೆ ಅದೇ ಹಾಳೆ ಇತ್ತು. ನೀಲಿ ಪೆನ್ಸಿಲಿನಲ್ಲಿ, ಸ್ಕೇಲು ಇಟ್ಟು, ಒಂಬತ್ತು ಕಾರ್ಯಕ್ರಮಗಳನ್ನೂ ಹೊಡೆದುಹಾಕಿತ್ತು. ಮಕ್ಕಳ ಕ್ಲಬ್ಬಿಗೆ ಎರಡು ಗೆರೆ. ಸರಿಯಾಯಿತು, ಇನ್ನೇನು ಉಳಿಯಿತು ಎಂದುಕೊಂಡು ಅಜ್ಜ ಹಾಳೆಯನ್ನು ಮಡಚಲು ಹೋದ. ಆಗ ಕೊನೆಯಲ್ಲಿ ಬಾಣದ ಮೊನೆ ಹಾಕಿ ಏನೋ ಸೇರಿಸಿದ್ದು ಕಂಡಿತು. ದುಂಡಗಿನ ಅಕ್ಷರ: ‘ಎರಡು ಕುರ್ಚಿ, ಒಂದು ಕಂಬಳಿ. ಐಸು ನೋಡುವುದು.’

ಅವನು ಕನ್ನಡಕ ಹಾಕಿಕೊಂಡು ಮೇಲಿನಿಂದ ಓದಿದ. ನೆತ್ತಿಯ ಸಾಲಿನ ಮೇಲೆ ಅವನ ಕೆಂಪು ಗೆರೆ ಹಾಗೇ ಇತ್ತು. ಅದರ ಅಡಿಯಲ್ಲಿ, ಅಜ್ಜ ಎಂಬಲ್ಲಿಂದ ಹತ್ತು ದಿನ ಎಂಬಲ್ಲಿಯವರೆಗೆ, ಒಂದಕ್ಷರವನ್ನೂ ಬಿಡದೆ ನೀಲಿ ಚುಕ್ಕಿಗಳ ಸಾಲು. ಒತ್ತಿದ ರಭಸಕ್ಕೆ ಕಾಗದ ಅಲ್ಲಲ್ಲಿ ತೂತು ಬಿದ್ದಿತ್ತು. ಎಷ್ಟೋ ಪಂಡಿತರ ಪ್ರೂಫು ನೋಡಿದವನು ಅವನು. ಒಂದು ಸಾಲು ಇರಲಿ ಎಂದು ಇಷ್ಟು ಹಟ ಹಿಡಿದವರನ್ನು ಕಂಡಿರಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡ. ಕಣ್ಣನ್ನೂ ಒರೆಸಿಕೊಂಡ.

ಮುತ್ತು ಕಿಟಕಿಯ ಹತ್ತಿರ ಚಿತ್ರ ಬರೆಯುತ್ತಿದ್ದಳು. ಅಜ್ಜ ತನ್ನ ಕುರ್ಚಿಯನ್ನು ಎತ್ತಿ ತಂದು, ಒಂದು ಸಲ ಯೋಚಿಸಿ, ಅವಳು ಬಲಕ್ಕೆ ಬರುವ ಹಾಗೆ ಹಾಕಿಕೊಂಡು ಕುಳಿತ.

“ಇನ್ಮೇಲೆ ಈ ಕಡೆ ಹೇಳು ಮುತ್ತೂ. ಎಡಗಿವಿ ಕೆಟ್ಟುಹೋಗಿದೆ ನಂದು,” ಅಂದ.

ಅವಳು ತಲೆ ಎತ್ತಿ ಅವನನ್ನು ನೋಡಿದಳು. “ಹೂಂ,” ಅಂದಳು. ಅದು ಅವಳಿಗೆ ಹಳೆಯ ಸುದ್ದಿ.

ಅಜ್ಜ ಹಾಳೆಯನ್ನು ಮೊಣಕಾಲ ಮೇಲೆ ಹರಡಿಕೊಂಡ. ಇನ್ನೊಂದು ಸಲ ಪ್ರೂಫು ನೋಡದೆ ಅಚ್ಚಿಗೆ ಬಿಡುವ ಅಭ್ಯಾಸ ಅವನಿಗಿರಲಿಲ್ಲ. ಕೊನೆಯ ಸಾಲಿನ ಮೇಲೆ ಬೆರಳಿಟ್ಟ.

“ಅಲ್ವೇ, ಎರಡು ಕುರ್ಚಿಗೆ ಒಂದೇ ಕಂಬಳಿ ಹಾಕಿದೀಯಲ್ಲ. ಅಲ್ಲಿ ಚಳಿ ಜಾಸ್ತಿ. ಇನ್ನೊಂದು ಸೇರಿಸ್ಲಾ?”

“ಉಹೂಂ,” ಅಂದಳು ಮುತ್ತು, ಮತ್ತೆ ಚಿತ್ರಕ್ಕೆ ಬಗ್ಗುತ್ತ.

ಈ ಸಲ ಅಜ್ಜನಿಗೆ ಅದು ಪೂರ್ತಿ ಕೇಳಿಸಿತು.