ಬೆಕ್ಕನ್ನು ಹೊತ್ತ ಬುತ್ತಿಯ ಬುಟ್ಟಿ

ನಾನು ಒಂದು ಬಿದಿರಿನ ಬುಟ್ಟಿ. ಮುಚ್ಚಳವಿರುವ ಬುಟ್ಟಿ ಎಂದು ಸೇರಿಸಿ ಹೇಳಬೇಕು. ಮುಚ್ಚಳವಿಲ್ಲದಿದ್ದರೆ ನನ್ನ ಬದುಕು ಇಷ್ಟು ವಿಚಿತ್ರವಾಗುತ್ತಿರಲಿಲ್ಲ.

ಮೇದಾರ ಓಣಿಯಲ್ಲಿ, ರಸ್ತೆಯತ್ತ ಕಾಲು ಚಾಚಿ ಕುಳಿತಿದ್ದ ಒಬ್ಬ ಹೆಂಗಸಿನ ಮಡಿಲಲ್ಲಿ ನಾನು ಹುಟ್ಟಿದೆ. ಹಸಿ ಬಿದಿರನ್ನು ಸೀಳಿ, ನೀರಲ್ಲಿ ನೆನೆಸಿ, ಕಾಲ್ಬೆರಳಿನಿಂದ ಒತ್ತಿ ಹಿಡಿದು ಆಕೆ ನನ್ನನ್ನು ಹೆಣೆದಳು. ಹೆಣೆಯುವಷ್ಟು ಹೊತ್ತೂ ಪಕ್ಕದವಳೊಡನೆ ಮಾತಾಡುತ್ತಿದ್ದಳು, ನನ್ನತ್ತ ನೋಡಿದ್ದೇ ಕಡಿಮೆ. ಆದರೂ ಒಂದು ಸೀಳೂ ತಪ್ಪಲಿಲ್ಲ. ಸೀಳುಗಳ ನಡುವೆ ಉಳಿದ ಸಂದಿಗಳನ್ನೆಲ್ಲ ನಾನು ಕಣ್ಣು ಎಂದುಕೊಂಡಿದ್ದೇನೆ. ಹಾಗಾಗಿ ನನಗೆ ಮೈತುಂಬ ಕಣ್ಣು. ಬಾಯಿ ಒಂದೇ, ಅದಕ್ಕೂ ಮುಚ್ಚಳ.

ನನ್ನನ್ನು ಕೊಂಡವಳು ಗಜೇಂದ್ರಗಡದ ಒಬ್ಬ ತಾಯಿ. ಅವಳ ಮಗಳು ಕಸ್ತೂರಿಯನ್ನು ಬೆಟಗೇರಿಯ ನೇಕಾರರ ಮನೆಗೆ ಕೊಟ್ಟಿದ್ದರು. ಮಗಳು ಬಸುರಿಯಾದಾಗ ತವರಿನವರು ಕುಬಸ ಮಾಡುತ್ತಾರೆ. ಹಸಿರು ಸೀರೆ, ಹೂವು, ಬಳೆಗಳ ಜೊತೆಗೆ ಬುಟ್ಟಿ ತುಂಬ ಬುತ್ತಿ ಒಯ್ಯುತ್ತಾರೆ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಮಾದಲಿ, ಕರ್ಚಿಕಾಯಿ. ಅಷ್ಟನ್ನೂ ಹೊತ್ತು, ಬಸ್ಸಿನಲ್ಲಿ ಒಬ್ಬರ ತೊಡೆಯಿಂದ ಇನ್ನೊಬ್ಬರ ತೊಡೆಗೆ ಸಾಗುತ್ತಾ ನಾನು ಬೆಟಗೇರಿಗೆ ಬಂದೆ. ಹಿಂದಿರುಗುವಾಗ ಆ ತಾಯಿ ನನ್ನನ್ನು ಮಗಳ ಮನೆಯಲ್ಲೇ ಬಿಟ್ಟಳು.

ಆ ಮನೆಯ ಹಿರಿಯಳು ಬನಶಂಕರವ್ವ, ಕಸ್ತೂರಿಯ ಅತ್ತೆ. ಎಲ್ಲರೂ ಬನ್ನವ್ವ ಎನ್ನುತ್ತಿದ್ದರು. ಮಾತು ಕಡಿಮೆ, ಕೈ ಚುರುಕು. ನನ್ನ ವಿಷಯದಲ್ಲಿ ಆಕೆಗೆ ಒಂದು ಕಟ್ಟುನಿಟ್ಟಿತ್ತು: ಬುತ್ತಿಯ ಬುಟ್ಟಿ ಬರಿದಾಗಿ ಹೊಸ್ತಿಲು ದಾಟಬಾರದು. ಓಣಿಯ ಯಾರಾದರೂ ನನ್ನನ್ನು ಎರವಲು ಕೇಳಲು ಬಂದರೆ ಒಂದು ರೊಟ್ಟಿಯನ್ನೋ ಬೆಲ್ಲದ ಚೂರನ್ನೋ ಒಳಗೆ ಇಟ್ಟೇ ಕೊಡುತ್ತಿದ್ದಳು.

ಕಸ್ತೂರಿಗೆ ಹೆಣ್ಣುಮಗು ಹುಟ್ಟಿತು, ಬೆಳೆಯಿತು, ಶಾಲೆಗೂ ಹೋಗತೊಡಗಿತು. ಬುತ್ತಿಯ ಕೆಲಸ ಮುಗಿದ ನಾನು, ನೇಯುವವರು ಕಾಲು ಇಳಿಬಿಡುವ ಮಗ್ಗದ ಕುಣಿಯ ಪಕ್ಕ ಕುಳಿತೆ. ನೂಲು ಸುತ್ತಿದ ಕಂಡಿಕೆಗಳನ್ನು ನನ್ನೊಳಗೆ ಹಾಕಿಡುತ್ತಿದ್ದರು. ಅಲ್ಲಿಂದ ಕಾಣುತ್ತಿದ್ದುದು ಕಸ್ತೂರಿಯ ಗಂಡ ಪಾಂಡಪ್ಪನ ಪಾದಗಳು ಮಾತ್ರ. ಆತನ ಮುಖಕ್ಕಿಂತ ಪಾದಗಳೇ ನನಗೆ ಹೆಚ್ಚು ಪರಿಚಯ. ಮನಸ್ಸು ಸರಿಯಿದ್ದ ದಿನ ಅವು ತುಳಿಯುವ ಸದ್ದು ಒಂದು ತಾಳದಲ್ಲಿರುತ್ತಿತ್ತು. ಬೇಸರವಾದರೆ ಎಡಗಾಲು ಸ್ವಲ್ಪ ತಡಮಾಡುತ್ತಿತ್ತು. ಎಳೆಯ ಮೇಲೆ ಎಳೆ ಸೇರಿ ಸೀರೆಯಾಗುವುದನ್ನು ನೋಡುತ್ತಾ, ನಾನೂ ಹೀಗೆಯೇ ಆದವಳಲ್ಲವೇ ಎಂದು ಒಳಗೊಳಗೆ ನಂಟು ಬೆಳೆಸಿಕೊಂಡೆ.

ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ಹಾಸಿನ ಎಳೆಗೆ ಗಂಜಿ ಹಚ್ಚುತ್ತಾರೆ. ಗಂಜಿಯ ಆಸೆಗೆ ಇಲಿ ಬರುತ್ತದೆ. ಇಲಿಗಾಗಿ ಆ ಮನೆಗೆ ಬಂದ ಬೂದು ಬೆಕ್ಕು, ಮಗ್ಗದ ಲಾಳಿಯ ಹಾಗೆ ಅತ್ತಿಂದಿತ್ತ ಓಡಾಡುವ ಚುರುಕಿಗೆ ಲಾಳಿ ಎಂಬ ಹೆಸರು ಪಡೆಯಿತು. ಇಲಿಗಳು ಹೋದವು. ಆದರೆ ಲಾಳಿ ಮರಿ ಹಾಕಲು ಹುಡುಕಿಕೊಂಡ ಜಾಗ ನಾನು.

ಬಿದಿರಿಗೆ ಬೆಚ್ಚಗಿರುವುದು ಗೊತ್ತಿಲ್ಲ. ಮೊದಲ ಮರಿಗಳು ನನ್ನ ತಳದಲ್ಲಿ ಮಿಸುಕಾಡಿದಾಗ, ಇದೇನಿದು ಎಂದು ನನ್ನ ಕಣ್ಣುಗಳೆಲ್ಲ ಒಳಮುಖವಾದವು. ಆಮೇಲೆ ಸೂಲಿನ ಹಿಂದೆ ಸೂಲು. ಮರಿಗಳು ಕಣ್ಣು ಬಿಟ್ಟು ತಿರುಗಾಡತೊಡಗಿದ ಮೇಲೆ ಕೇಳಿದ ಮನೆಗಳಿಗೆಲ್ಲ ಕೊಟ್ಟರು. ಕೇಳುವವರು ಮುಗಿದರು, ಮರಿಗಳು ಮುಗಿಯಲಿಲ್ಲ. ಉಳಿದವನ್ನು ನನ್ನೊಳಗೆ ತುಂಬಿ, ಮುಚ್ಚಳ ಕಟ್ಟಿ, ಕಸ್ತೂರಿ ಸಂತೆ ಮೈದಾನದ ಆಚೆ ಬಿಟ್ಟು ಬರುತ್ತಿದ್ದಳು. ಬರುವಾಗ ಅವಳ ನಡಿಗೆ ಹೋಗುವಾಗಿನದಕ್ಕಿಂತ ಭಾರ. ಮನೆ ಸೇರಿದ ಕೂಡಲೇ ಲಾಳಿ ಬಂದು ನನ್ನೊಳಗೆ ತಲೆ ಹಾಕಿ ಸುತ್ತಲೂ ಮೂಸುತ್ತಿತ್ತು. ಕಸ್ತೂರಿ ಆಗ ಗೋಡೆಯತ್ತ ತಿರುಗಿ ನಿಲ್ಲುತ್ತಿದ್ದಳು.

ಕಡೆಯ ಸೂಲಿನಲ್ಲಿ ಲಾಳಿ ಬಹಳ ಸೊರಗಿತು. ಮರಿಗಳು ಮಾತ್ರ ಗಟ್ಟಿ. ಒಂದು ಮಧ್ಯಾಹ್ನ ಮಗ್ಗವೇರಿ ಹಾಸಿನ ಮೇಲೆ ಕುಣಿದು, ಅರ್ಧ ನೇಯ್ದ ಮದುವೆ ಸೀರೆಯ ಎಳೆಗಳನ್ನು ಪರಪರ ಹರಿದವು. ಪಾಂಡಪ್ಪ ಕೂಗಾಡುವ ಮನುಷ್ಯನಲ್ಲ. ಹರಿದ ಎಳೆಗಳನ್ನು ಬೆರಳಲ್ಲಿ ಹಿಡಿದುಕೊಂಡು ಹೇಳಿದ:

"ಇನ್ನೊಂದು ಸೂಲು ಈ ಮನ್ಯಾಗ ಆಗಬಾರದು ಕಸ್ತೂರಿ. ಆಗೂ ಹಂಗಿದ್ರ ಲಾಳೀನ ದೂರ ಬಿಟ್ಟು ಬರ್ತೀನಿ. ಇಲಿಗೆ ಒಂದು ಗಂಡುಬೆಕ್ಕು ತಂದ್ರಾತು."

ಮರಿಗಳನ್ನು ಹೊತ್ತು ಹೋಗಿ ಸಾಕಾಗಿದ್ದ ಕಸ್ತೂರಿಗೆ ಈಗ ತಾಯಿಬೆಕ್ಕನ್ನೇ ಕಳೆದುಕೊಳ್ಳುವ ದಿಗಿಲು. ಅವತ್ತಿನಿಂದ ಲಾಳಿಯನ್ನು ಹೊರಗೆ ಬಿಡದೆ ಕಾದಳು. ಆದರೆ ಬೆಕ್ಕನ್ನು ಎಷ್ಟು ದಿನ ಬಾಗಿಲು ಹಾಕಿ ಕಾಯುವುದು?

ಅಂಥದ್ದರಲ್ಲಿ ನಗರಸಭೆಯ ಕಸದ ಗಾಡಿ ತನ್ನ ದಿನದ ಹಾಡು ನಿಲ್ಲಿಸಿ ಹೊಸ ಸುದ್ದಿ ಹೇಳಿತು. ಸಾಕಿದ ನಾಯಿ, ಬೆಕ್ಕುಗಳಿಗೆ ಮರಿಯಾಗದಂತೆ ಸರ್ಕಾರಿ ದನದ ದವಾಖಾನೆಯಲ್ಲಿ ಆಪರೇಶನ್ ಶಿಬಿರ. ಖರ್ಚೆಲ್ಲ ಸರ್ಕಾರದ್ದು, ಮನೆಯವರದು ಹೆಸರಿಗಷ್ಟೇ ಫೀ. ಮೂರು ದಿನ ಮಾತ್ರ. ಹಿಂದಿನ ರಾತ್ರಿಯಿಂದ ಪ್ರಾಣಿಗೆ ಏನನ್ನೂ ತಿನ್ನಿಸಬಾರದು ಎಂದೂ ಕೂಗಿತು. ಯಾಕೆ ಎಂದು ಗಾಡಿ ಹೇಳಲಿಲ್ಲ, ಓಣಿ ಕೇಳಲಿಲ್ಲ.

ಓಣಿಗೆ ಅದು ದೊಡ್ಡ ತಮಾಷೆಯಾಯಿತು. ಎದುರು ಮನೆಯ ಮುದುಕ ಗೂಳಪ್ಪ ಕಟ್ಟೆಯ ಮೇಲಿಂದಲೇ ಕಸ್ತೂರಿಯನ್ನು ಕೆಣಕಿದ: "ಆಪರೇಶನ್ನಿಗೆ ಗಂಡನ ಸಹಿ ಬೇಕಾಗತೈತಿ. ಲಾಳಿ ಗಂಡ ಯಾರಂತ ಬರಸ್ತೀ?"

"ನಿಮ್ಮ ಮಾಳಿಗಿ ಮ್ಯಾಲೆ ಬಿಸಲಿಗೆ ಮಲಗಿರತಾನಲ್ರೀ ಕಾಕಾ, ಅವನ. ಸಹಿ ಹಾಕ್ಸೂದು ನಿಮ್ಮ ಜವಾಬ್ದಾರಿ."

ಕಟ್ಟೆ ನಕ್ಕಿತು, ಪಾಂಡಪ್ಪನ ಪಾದಗಳೂ ನಕ್ಕವು. ಬನ್ನವ್ವ ಮಾತ್ರ ನಗಲಿಲ್ಲ. ಬಿಡಿಸುತ್ತಿದ್ದ ಕಡಲೆಯನ್ನು ಅಲ್ಲೇ ಬಿಟ್ಟು ಒಳಗೆ ಹೋದಳು. ಆಪರೇಶನ್ ಎಂಬ ಮಾತು ಬಂದಾಗಲೆಲ್ಲ ಆಕೆ ಎದ್ದು ಹೋಗುವುದನ್ನು ಆ ವಾರ ನಾನು ಗಮನಿಸಿದೆ. ಕಾರಣವೇನೆಂದು ತಿಳಿಯುವ ಕುತೂಹಲ ನನಗಿತ್ತು. ಆದರೆ ಬುಟ್ಟಿಗೆ ಯಾರು ಹೇಳುತ್ತಾರೆ?

ಶಿಬಿರದ ಮೊದಲ ದಿನ ಬೆಳಿಗ್ಗೆ ಲಾಳಿ ಹಸಿವಿನಿಂದ ಕಂಬ ಕಂಬಕ್ಕೂ ಮೈಯುಜ್ಜಿ ಕೂಗುತ್ತಿತ್ತು. ಕಸ್ತೂರಿ ನನ್ನೊಳಗೆ ಹಳೆಯ ಸೀರೆ ಹಾಸಿ ಅದನ್ನು ಕೂರಿಸಿ, ಮುಚ್ಚಳಕ್ಕೆ ದಾರ ಬಿಗಿದು, ರಿಕ್ಷಾ ಕರೆಯಲು ಹೋದಳು. ಆಗ ಬನ್ನವ್ವ ಬಂದಳು. ದಾರ ಸಡಿಲಿಸಿದಳು. ಬೆಣ್ಣೆ ಸವರಿದ ಅರ್ಧ ರೊಟ್ಟಿಯನ್ನು ಒಳಗೆ ಇಳಿಸಿದಳು. ಬುತ್ತಿಯ ಬುಟ್ಟಿ ಬರಿದಾಗಿ ಹೋಗಬಾರದೆಂಬ ಪದ್ಧತಿಯೇ ಇರಬೇಕು ಎಂದುಕೊಂಡೆ. ಆದರೆ ಪದ್ಧತಿಗೆ ಇಡುವ ಕೈ ಕೂಡಲೇ ಹೊರಗೆ ಬರುತ್ತದೆ. ಈ ಕೈ ಲಾಳಿ ತಿಂದು ಮುಗಿಸುವವರೆಗೆ ಅದರ ಬೆನ್ನ ಮೇಲೆಯೇ ಇತ್ತು.

ದನದ ದವಾಖಾನೆಯ ಅಂಗಳದಲ್ಲಿ ನಾನು ಕಂಡದ್ದನ್ನು ಎಲ್ಲೂ ಕಂಡಿಲ್ಲ. ಬೇವಿನ ಮರದಡಿ ಒಂದು ಎಮ್ಮೆ ಎಲ್ಲರನ್ನೂ ನೋಡುತ್ತಾ ನಿಂತಿತ್ತು. ಶಾಲೆಯ ಚೀಲದಲ್ಲಿ ಒಂದು ಬೆಕ್ಕು, ಸಿಮೆಂಟ್ ಚೀಲದಲ್ಲಿ ಒಂದು, ಕುಕ್ಕರಿನ ಡಬ್ಬಿಯಲ್ಲಿ ಒಂದು. ಬಿದಿರಿನವಳು ನಾನೊಬ್ಬಳೇ. ಬಸುರಿಗೆ ಬುತ್ತಿ ಹೊರಲೆಂದು ಹುಟ್ಟಿದವಳು ಬಸುರು ನಿಲ್ಲಿಸುವ ಬಾಗಿಲಿಗೆ ಬಂದಿದ್ದೆ. ಇದು ಒಳ್ಳೆಯದೋ ಕೆಟ್ಟದ್ದೋ ಎಂದು ಯೋಚಿಸಿದೆ. ಸಂತೆ ಮೈದಾನದ ದಾರಿ ನೆನಪಾಯಿತು. ಒಳ್ಳೆಯದೇ ಇರಬೇಕು ಅನ್ನಿಸಿತು.

ಡಾಕ್ಟರ್ ಶಮೀಮ್ ಎಂಬ ಹೆಂಗಸು ನನ್ನ ಮುಚ್ಚಳ ತೆಗೆದಳು. ಲಾಳಿಯ ಮೀಸೆ ನೋಡಿದಳು, ಬೆರಳಿನಿಂದ ಸವರಿದಳು. ಬೆಣ್ಣೆ. ಸೀರೆಯ ಮಡಿಕೆಯಿಂದ ಒಂದು ರೊಟ್ಟಿಯ ಚೂರನ್ನು ಹೆಕ್ಕಿ ಕಸ್ತೂರಿಯ ಮುಂದೆ ಹಿಡಿದಳು. ಹೊಟ್ಟೆ ತುಂಬಿದ ಬೆಕ್ಕಿಗೆ ಮತ್ತಿನ ಔಷಧ ಕೊಡಲಾಗದು, ಜೀವಕ್ಕೇ ಅಪಾಯ, ಕಡೆಯ ದಿನ ಮತ್ತೆ ತನ್ನಿ, ಅವತ್ತೂ ಹೀಗಾದರೆ ಮುಂದಿನ ಶಿಬಿರ ಯಾವಾಗಲೋ ತನಗೂ ತಿಳಿಯದು ಎಂದು ಡಾಕ್ಟರ್ ಹೇಳಿ ಕಳಿಸಿದಳು.

ಮನೆಗೆ ಬಂದ ಕಸ್ತೂರಿ ನನ್ನನ್ನು ನೆಲಕ್ಕಿಟ್ಟು ಅತ್ತೆಯ ಮುಂದೆ ನಿಂತಳು. ಆ ಮನೆಯಲ್ಲಿ ಸೊಸೆ ಅತ್ತೆಗೆ ಹಾಗೆ ಎದುರು ನಿಂತದ್ದನ್ನು ನಾನು ಅದೇ ಮೊದಲು ಕಂಡದ್ದು.

"ಬೇಕಂತ ಹಾಕಿದ್ರೇನು ಅತ್ತಿ? ಅದು ಸಾಯತಿತ್ತು."

ಮಗ್ಗದ ಸದ್ದು ನಿಂತಿತು. ಪಾಂಡಪ್ಪನ ಪಾದಗಳು ಕುಣಿಯಲ್ಲಿ ಒಂದರ ಮೇಲೊಂದು ಸೇರಿಕೊಂಡವು. ಲಾಳಿ ಇರುವುದೋ ಹೋಗುವುದೋ ಎಂಬುದು ಈಗ ಒಂದೇ ದಿನದ ಮೇಲೆ ನಿಂತಿದೆ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಬನ್ನವ್ವ ನೆಲ ನೋಡುತ್ತಾ ಮಾತಾಡಿದಳು.

"ಸಾಯತೈತಿ ಅಂತ ನನಗ ಗೊತ್ತಿರಲಿಲ್ಲವಾ. ಹಸಕೊಂಡು ಹೋಗಬಾರದು ಅಂತ ಹಾಕಿದೆ. ಪಾಂಡಪ್ಪ ಹುಟ್ಟಿದ ಮ್ಯಾಲೆ ನನ್ನ ಆಪರೇಶನ್ನಿಗೆ ಕರ್ಕೊಂಡು ಹೋದ್ರು. ಆ ಮುಂಜಾನಿ ನಮ್ಮತ್ತಿ ಎಲ್ಲಾರಿಗೂ ರೊಟ್ಟಿ ಬಡದ್ಲು. ನಾ ತಾಟು ಹಿಡಕೊಂಡು ಕುಂತ್ರ, ನಿನಗಿಲ್ಲ ಏಳು ಅಂದ್ಲು. ಯಾಕ ಅಂತ ಆಕಿ ಹೇಳಲಿಲ್ಲ, ನಾ ಕೇಳಲಿಲ್ಲ. ಹಡಿಯೂದು ಮುಗೀತು, ಇನ್ನ ಇಕಿಗ್ಯಾಕ ರೊಟ್ಟಿ ಅಂದ್ಲು ಅಂತ ತಿಳಕೊಂಡೆ."

ಹೊಟ್ಟೆಯ ಹೊಲಿಗೆ ಮಾಯ್ದರೂ ಆ ಮಾತು ಮಾಯಲಿಲ್ಲವಂತೆ. ಅತ್ತೆ ಹಾಸಿಗೆ ಹಿಡಿದಾಗ ಬನ್ನವ್ವ ಮೈ ಒರೆಸಿದಳು, ಗಂಜಿ ಕುಡಿಸಿದಳು, ಕಾಲು ಒತ್ತಿದಳು. ಆದರೆ ಆ ಮುಂಜಾನೆಯ ನಂತರ ಆ ಅತ್ತೆಯ ಕೈಯಿಂದ ಒಂದು ತುತ್ತನ್ನೂ ತಿಂದಿರಲಿಲ್ಲ. ಅತ್ತೆಯೂ ಯಾಕೆಂದು ಕೇಳದೆ ಕಣ್ಣು ಮುಚ್ಚಿದಳು. ಕಸ್ತೂರಿಯ ಸಿಟ್ಟು ಎಲ್ಲಿ ಹೋಯಿತೋ. ಅವಳು ಅತ್ತೆಯ ಪಕ್ಕ ಕುಳಿತು, ಆಕೆಯ ಮುಂದಿದ್ದ ಕಡಲೆಯಲ್ಲಿ ಅರ್ಧವನ್ನು ಸಿಪ್ಪೆ ಬಿಡಿಸಲು ತನ್ನತ್ತ ಎಳೆದುಕೊಂಡಳು. ಪಾಂಡಪ್ಪ ಮಗ್ಗಕ್ಕೆ ಕೈ ಹಚ್ಚಲಿಲ್ಲ. ತನ್ನ ತಾಯಿಯ ಈ ಕತೆಯನ್ನು ಆತನೂ ಅಂದೇ ಕೇಳಿದ್ದ.

ಕಡೆಯ ದಿನ ಬನ್ನವ್ವ ತಾನೂ ಬರುತ್ತೇನೆಂದು ಹೊರಟಳು. ಆ ಬೆಳಿಗ್ಗೆ ನಾನು ಮೊದಲ ಬಾರಿಗೆ ತಿನ್ನುವ ಒಂದು ಚೂರೂ ಇಲ್ಲದೆ ಹೊಸ್ತಿಲು ದಾಟಿದೆ. ರಿಕ್ಷಾದಲ್ಲಿ ನಾನು ಆಕೆಯ ತೊಡೆಯ ಮೇಲಿದ್ದೆ. ಲಾಳಿ ಕೂಗಿದಾಗಲೆಲ್ಲ ಆಕೆಯ ಬೆರಳುಗಳು ನನ್ನ ಸೀಳುಗಳನ್ನು ಬಿಗಿಯಾಗಿ ಹಿಡಿಯುತ್ತಿದ್ದವು.

ಡಾಕ್ಟರ್ ಲಾಳಿಯ ಬಾಯಿ, ಹೊಟ್ಟೆ ನೋಡಿ ತಲೆಯಾಡಿಸಿದಳು. ಇನ್ನೇನು ಒಳಗೆ ಒಯ್ಯಬೇಕು, ಬನ್ನವ್ವ ಆಕೆಯ ಕೋಟಿನ ತುದಿ ಹಿಡಿದಳು.

"ಡಾಕ್ಟರ್ ಬಾಯಾರ, ಉಪಾಸ ಯಾಕ ಕೆಡವತೀರಿ?"

ಅಂಗಳದ ತುಂಬ ಪ್ರಾಣಿಗಳು ಕಾಯುತ್ತಿದ್ದವು. ಆದರೂ ಡಾಕ್ಟರ್ ನಿಂತು ಹೇಳಿದಳು. ಮತ್ತಿನಲ್ಲಿದ್ದಾಗ ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬರುತ್ತದೆ, ನುಂಗಲು ಎಚ್ಚರವಿರುವುದಿಲ್ಲ, ಅದು ಉಸಿರಿನ ಕೊಳವೆಗೆ ಇಳಿದರೆ ಜೀವ ಉಳಿಯುವುದು ಕಷ್ಟ. ಅದಕ್ಕೇ ಹೊಟ್ಟೆ ಖಾಲಿ ಇರಬೇಕು.

"ಮನಷ್ಯಾರಿಗೂ ಹಿಂಗ ಏನ್ರೀ?"

"ಎಲ್ಲಾರಿಗೂ ಹಿಂಗ ಅಮ್ಮಾ. ಊಟ ಕೊಡಲಿಲ್ಲ ಅಂದ್ರ ಉಳಸಾಕ ಕೊಡಲಿಲ್ಲ ಅಂತ ತಿಳೀರಿ."

ಬನ್ನವ್ವ ಕೋಟು ಬಿಟ್ಟಳು. ಲಾಳಿ ಒಳಗೆ ಹೋಯಿತು. ಅದು ಬರುವವರೆಗೆ ಆಕೆ ಖಾಲಿಯಾದ ನನ್ನನ್ನು ಮಡಿಲಲ್ಲಿಟ್ಟುಕೊಂಡು ಬೇವಿನ ಕೆಳಗೆ ಕುಳಿತಿದ್ದಳು. ಕಸ್ತೂರಿ ಏನೋ ಕೇಳಿದಳು, ಆಕೆಗೆ ಕೇಳಿಸಲಿಲ್ಲ. ಎಷ್ಟೋ ವರ್ಷ ಜೊತೆಗಿದ್ದವರ ಮೌನಕ್ಕೆ ಒಂದು ಕ್ಷಣದಲ್ಲಿ ಬೇರೆ ಅರ್ಥ ಬಂದರೆ, ಅದನ್ನು ಎಲ್ಲಿ ಇಡುವುದೆಂದು ಮನುಷ್ಯರಿಗೆ ಬೇಗ ತಿಳಿಯುವುದಿಲ್ಲವೇನೋ. ಬುಟ್ಟಿಗಾದರೂ ತಿಳಿಯುತ್ತಿರಲಿಲ್ಲ.

ಲಾಳಿ ನಾಲಿಗೆಯ ತುದಿ ಹೊರಗೆ ಬಿಟ್ಟುಕೊಂಡು, ಒದ್ದೆ ಬಟ್ಟೆಯ ಹಾಗೆ ಜೋತು ಬಂತು. ಮನೆಗೆ ತಂದ ಮೇಲೆ, ಹೊಲಿಗೆ ನೆಕ್ಕದಂತೆ ಪಾಂಡಪ್ಪ ಸೀರೆಯ ಉಳಿದ ತುಂಡೊಂದನ್ನು ಹೊಟ್ಟೆಗೆ ಸುತ್ತಿ ಕಟ್ಟಿದ. ಜರಿ ಅಂಚಿನ ಪಟ್ಟಿ ಕಟ್ಟಿಕೊಂಡ ಬೆಕ್ಕನ್ನು ನೋಡಲು ಓಣಿಯೇ ಬಂತು. ಬನ್ನವ್ವ ಯಾರಿಗೂ ಏನನ್ನೂ ತಿನ್ನಿಸಲು ಬಿಡಲಿಲ್ಲ. ಸಂಜೆ, ಲಾಳಿ ತಲೆಯೆತ್ತಿ ಸರಿಯಾಗಿ ನಿಂತ ಮೇಲೆ, ಹಾಲಿನಲ್ಲಿ ನೆನೆಸಿದ ರೊಟ್ಟಿಯನ್ನು ಸ್ವಲ್ಪವೇ ಬೆರಳಿನಿಂದ ತಿನ್ನಿಸಿದಳು.

"ನಮ್ಮತ್ತಿಗೂ ಯಾರೂ ಹೇಳಿರಲಿಕ್ಕಿಲ್ಲ ಕಸ್ತೂರಿ," ಎಂದಳು. "ಹಾಕಬ್ಯಾಡ ಅಂದಿರಬೇಕು, ಅಷ್ಟ. ಆಕೀನೂ ಕೇಳಿರಲಿಕ್ಕಿಲ್ಲ."

ಪಟ್ಟಿ ಬಿಚ್ಚಿದ ಮೇಲೆ ಲಾಳಿ ಮತ್ತೆ ಇಲಿ ಹಿಡಿಯಿತು. ಮೈ ತುಂಬಿಕೊಂಡಿತು. ಪಾಂಡಪ್ಪ ಗಂಡುಬೆಕ್ಕಿನ ಮಾತನ್ನು ಮತ್ತೆ ಎತ್ತಲಿಲ್ಲ.

ಶಿಬಿರ ಮತ್ತೆ ಬಂತು, ಆಮೇಲೆಯೂ ಬಂತು. ಓಣಿಯ ಹೆಂಗಸರು ಬೆಕ್ಕು ಒಯ್ಯಲು ನನ್ನನ್ನೇ ಕೇಳಿಕೊಂಡು ಬರುತ್ತಿದ್ದರು. ಎಷ್ಟು ಮನೆಗಳ ಕೈ ದಾಟಿದೆನೋ. ಕಪ್ಪು, ಬಿಳಿ, ಮಚ್ಚೆಯ ಬೆಕ್ಕುಗಳ ಉಗುರಿಗೆ ನನ್ನ ಒಳಮೈ ತರಚಿತು. ತಳ ಕಿತ್ತಿತು, ಪಾಂಡಪ್ಪ ಗೋಣಿ ಇಟ್ಟು ರೇಷ್ಮೆ ದಾರದಲ್ಲಿ ಹೊಲಿದ. ಈಗ ಆ ಹೊಲಿಗೆಯೂ ಭಾರ ತಡೆಯುವುದಿಲ್ಲ. ಮಗ್ಗದ ಕೋಣೆಯ ಮೂಲೆಯಲ್ಲಿ, ಮುರಿದ ಹಣಿಗೆಗಳ ಜೊತೆ ಕುಳಿತಿದ್ದೇನೆ. ಬೇಸರವಿಲ್ಲ. ಹುಟ್ಟುವುದಕ್ಕೂ ಹುಟ್ಟದಿರುವುದಕ್ಕೂ ಒಂದೇ ಮೈಯಿಂದ ದುಡಿದ ಬುಟ್ಟಿಗಳು ಎಷ್ಟಿದ್ದಾವು?

ನನ್ನನ್ನು ಒಯ್ಯಲು ಬಂದವರಿಗೆಲ್ಲ ಬನ್ನವ್ವ ಒಂದೇ ಮಾತು ಹೇಳಿ ಕಳಿಸುತ್ತಿದ್ದಳು. ಏನೂ ತಿನ್ನಿಸಬೇಡಿ, ಆದರೆ ಯಾಕೆ ಎಂದು ಅದಕ್ಕೆ ಹೇಳಿ ಕರೆದುಕೊಂಡು ಹೋಗಿ. ಬೆಕ್ಕಿಗೇನು ತಿಳಿಯುತ್ತದೆ ಅಜ್ಜಿ ಎಂದು ಅವರು ನಗುತ್ತಿದ್ದರು. ಓಣಿಯ ತಿರುವು ದಾಟಿದ ಮೇಲೆ, ಯಾರೂ ಇಲ್ಲವೆಂದು ಅತ್ತಿತ್ತ ನೋಡಿ, ನನ್ನ ಮುಚ್ಚಳಕ್ಕೆ ಬಾಯಿ ಹಚ್ಚಿ ಮೆಲ್ಲಗೆ ಹೇಳುತ್ತಿದ್ದರು. ಬೆಕ್ಕುಗಳಿಗೆ ತಿಳಿಯಿತೋ ಇಲ್ಲವೋ ನಾನರಿಯೆ. ಆದರೆ ಕೂಗುವುದನ್ನು ನಿಲ್ಲಿಸಿ ಅವು ಕಿವಿ ನಿಮಿರಿಸುತ್ತಿದ್ದವು. ಅವನ್ನು ಒಳಗಿಟ್ಟುಕೊಂಡವಳು ನಾನು, ಅದನ್ನು ಬಲ್ಲೆ.